ಅಣ್ಣನ ಮಾತು ಕೇಳಿದರೆ ಸೋತಂತೆಯೇ?

ಪ್ರಶ್ನೆ: ನನಗೆ ಮೂವತ್ತೆಂಟು ವರ್ಷ. ಅಣ್ಣ ನನಗಿಂತ ಆರು ವರ್ಷ ದೊಡ್ಡವನು. ನನಗೆ ಸೈಕಲ್ ಕಲಿಸಿದವನು, ನನ್ನ ಕಾಲೇಜು ಶುಲ್ಕಕ್ಕೆ ತನ್ನ ಮೊದಲ ಸಂಬಳ ಕೊಟ್ಟವನು. ಕಳೆದ ಚುನಾವಣೆಯ ಹೊತ್ತಿಗೆ ನಾವು ಬೇರೆ ಬೇರೆ ಪಕ್ಷಗಳ ಕಡೆ ವಾಲಿದ್ದೆವು. ಮನೆಯವರಿಗಾಗಿ ಅವನೇ ಮಾಡಿದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ದಿನಕ್ಕೆ ಹತ್ತು ರಾಜಕೀಯ ಸಂದೇಶ ಹಾಕುತ್ತಿದ್ದ. ನಾನು ಒಂದೊಂದಕ್ಕೂ ಅಂಕಿಅಂಶ ಹುಡುಕಿ ಉತ್ತರ ಕೊಡುತ್ತಿದ್ದೆ. ಒಂದು ರಾತ್ರಿ ಅವನು 'ನಾಲ್ಕಕ್ಷರ ಓದಿದ್ದು ನಿನ್ನ ತಲೆಗೇರಿದೆ' ಎಂದ. ನಾನು 'ನಿನ್ನಂಥವರಿಂದಲೇ ಎಲ್ಲ ಹಾಳಾಗಿದ್ದು' ಎಂದು ಬರೆದು ಗುಂಪಿನಿಂದ ಹೊರಬಂದೆ. ಏಳು ತಿಂಗಳಿಂದ ಮಾತಿಲ್ಲ. ಅಮ್ಮ ಇಬ್ಬರಿಗೂ ಬೇರೆ ಬೇರೆಯಾಗಿ ಫೋನ್ ಮಾಡಿ ಅಳುತ್ತಾಳೆ, 'ಸ್ವಲ್ಪ ಅವನ ಮಾತನ್ನೂ ಕೇಳು' ಎನ್ನುತ್ತಾಳೆ. ಕೇಳಿಕೊಂಡು ಸುಮ್ಮನಿದ್ದರೆ ಒಪ್ಪಿದಂತೆ ಆಗುವುದಿಲ್ಲವೇ? ತಪ್ಪೆಂದು ಗೊತ್ತಿರುವುದನ್ನು ತಪ್ಪು ಎನ್ನಬಾರದೇ? ಅವನ ಮನಸ್ಸು ಬದಲಾಯಿಸುವ ದಾರಿ ಇದೆಯೇ? ಗುಂಪಿಗೆ ಮರಳಿ ಸೇರಲೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಓದಿಗೆ ರಾಜಕೀಯದ ಜಗಳದಂತೆಯೇ ಕಂಡಿತು. ಎರಡನೆಯ ಸಲ ಕಣ್ಣು ನಿಂತದ್ದು ಆ ರಾತ್ರಿಯ ಎರಡು ವಾಕ್ಯಗಳ ಮೇಲೆ. ಎರಡರಲ್ಲೂ ಪಕ್ಷದ ಹೆಸರಿಲ್ಲ, ಯಾವ ಯೋಜನೆಯ ಮಾತೂ ಇಲ್ಲ. ಅವನು ನಿಮ್ಮ ಓದಿನ ಮೇಲೆ ಕೈಮಾಡಿದ. ಅವನ ಸಂಬಳದಿಂದಲೇ ಶುರುವಾದ ಓದು ಅದು, ಇಬ್ಬರಿಗೂ ನೋಯುವ ಜಾಗ. ನೀವು 'ನಿನ್ನಂಥವರು' ಎಂದಿರಿ. ಸೈಕಲ್ ಕಲಿಸಿದ ಅಣ್ಣ ಆ ಒಂದು ಪದದಲ್ಲಿ ಲಕ್ಷಾಂತರ ಅಪರಿಚಿತರ ಪೈಕಿ ಒಬ್ಬನಾಗಿಬಿಟ್ಟ. ಏಳು ತಿಂಗಳ ಮೌನ ಹುಟ್ಟಿದ್ದು ಚುನಾವಣೆಯಿಂದ ಎನ್ನುವುದಕ್ಕಿಂತ ಈ ಎರಡು ವಾಕ್ಯಗಳಿಂದ ಎನ್ನುವುದೇ ಸರಿ ಎಂದು ನನ್ನ ಅಂದಾಜು.

ಕುಟುಂಬಗಳ ಜಗಳದಲ್ಲಿ ನಡುವೆ ಕೂರುವುದು ನನ್ನ ಕಸುಬು. ಮೊದಲೆಲ್ಲ ಆಸ್ತಿ, ಮದುವೆ, ವಯಸ್ಸಾದವರನ್ನು ನೋಡಿಕೊಳ್ಳುವ ಸರದಿ, ಇಂಥವೇ ಬರುತ್ತಿದ್ದವು. ಈಗ ನಿಮ್ಮಂಥ ಪತ್ರಗಳೂ ಬರುತ್ತವೆ. ಆಸ್ತಿಯ ಜಗಳಕ್ಕೆ ಒಂದು ಅನುಕೂಲವಿದೆ: ಕೊನೆಗೆ ಅಳೆದು ಹಂಚಬಹುದು. ಇದನ್ನು ಹಂಚಲಾಗದು.

ನೀವು ಕೇಳಿರುವ ನಾಲ್ಕು ಪ್ರಶ್ನೆಗಳ ತಳದಲ್ಲಿರುವ ಅಳುಕು ಒಂದೇ. ಕಿವಿಗೊಟ್ಟರೆ ನಂಬಿದ್ದನ್ನು ಬಿಟ್ಟುಕೊಟ್ಟಂತೆ ಆಗುತ್ತದೆಯೇ? ಈ ಅಳುಕಿಗೆ ನಮ್ಮ ಭಾಷೆಯೂ ಸ್ವಲ್ಪ ಕಾರಣ. ಕನ್ನಡದಲ್ಲಿ 'ಮಾತು ಕೇಳು' ಎಂದರೆ ಹೇಳಿದಂತೆ ನಡೆ ಎಂದರ್ಥ. ಮಾತು ಕೇಳದ ಮಗು ಎಂದರೆ ಕಿವುಡು ಮಗುವಲ್ಲ. ಅದೇ 'ಕೇಳು' ಎಂಬುದಕ್ಕೆ ಆಲಿಸು ಎಂಬ ಅರ್ಥವಿದೆ, ಪ್ರಶ್ನಿಸು ಎಂಬ ಅರ್ಥವೂ ಇದೆ. ಅಮ್ಮ ಎರಡನೆಯ ಅರ್ಥದಲ್ಲಿ ಹೇಳಿದ್ದನ್ನು ನೀವು ಮೊದಲನೆಯ ಅರ್ಥದಲ್ಲಿ ತೆಗೆದುಕೊಂಡಿರಿ. ಮೂರನೆಯ ಅರ್ಥ ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲ. ಅಣ್ಣನಿಗೆ ನೀವು ಎಷ್ಟು ಉತ್ತರ ಕೊಟ್ಟಿರಿ ಎಂದು ಬರೆದಿದ್ದೀರಿ. ಅವನನ್ನು ಒಂದಾದರೂ ಪ್ರಶ್ನೆ ಕೇಳಿದಿರೇ? 'ಇದಕ್ಕೆ ಆಧಾರ ಏನು' ಎಂಬುದು ಲೆಕ್ಕಕ್ಕಿಲ್ಲ, ಅದು ಪಾಟೀಸವಾಲು. ಉತ್ತರ ಏನು ಬರುತ್ತದೆಂದು ನಿಮಗೇ ಗೊತ್ತಿಲ್ಲದ ಪ್ರಶ್ನೆಯ ಬಗ್ಗೆ ಹೇಳುತ್ತಿದ್ದೇನೆ.

ಈಗ ಜನ ನಂಬಿರುವ ಕೆಲವು ಸಂಗತಿಗಳನ್ನು ಸೋಸೋಣ.

'ಅಂಕಿಅಂಶ ಕೊಟ್ಟರೆ ಜನ ಇನ್ನಷ್ಟು ಹಟಮಾರಿಗಳಾಗುತ್ತಾರೆ' ಎಂಬ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ಅದಕ್ಕೆ ಮೂಲ 2010ರಲ್ಲಿ ಬ್ರೆಂಡನ್ ನೈಹನ್ ಮತ್ತು ಜೇಸನ್ ರೈಫ್ಲರ್ ಪ್ರಕಟಿಸಿದ ಅಧ್ಯಯನ. ತಿದ್ದುಪಡಿ ಓದಿದ ಕೆಲವರು ತಮ್ಮ ತಪ್ಪು ನಂಬಿಕೆಯನ್ನೇ ಇನ್ನೂ ಬಿಗಿಯಾಗಿ ಹಿಡಿದುಕೊಂಡರು ಎಂದು ಅದು ಹೇಳಿತು. ಆಮೇಲೆ ಥಾಮಸ್ ವುಡ್ ಮತ್ತು ಈಥನ್ ಪೋರ್ಟರ್ ಹತ್ತು ಸಾವಿರಕ್ಕೂ ಹೆಚ್ಚು ಜನರೊಂದಿಗೆ 52 ವಿಷಯಗಳ ಮೇಲೆ ಪರೀಕ್ಷಿಸಿದಾಗ ಆ ತಿರುಗೇಟು ಹೆಚ್ಚುಕಡಿಮೆ ಕಾಣಲೇ ಇಲ್ಲ. ಜನ ಸಾಮಾನ್ಯವಾಗಿ ತಿದ್ದುಪಡಿಯನ್ನು ಒಪ್ಪುತ್ತಾರೆ. ಹಾಗಾದರೆ ನಿಮ್ಮ ಅಂಕಿಅಂಶಕ್ಕೆ ಏನಾಯಿತು? ಅಂಕಿಯೊಂದನ್ನು ಒಪ್ಪುವುದು ಬೇರೆ, ಪಕ್ಷ ಬಿಡುವುದು ಬೇರೆ. ಅದಕ್ಕಿಂತ ಮುಖ್ಯವಾಗಿ, ನೀವು ಅದನ್ನು ಕೊಟ್ಟದ್ದು ಅಮ್ಮ, ಅತ್ತಿಗೆ, ಚಿಕ್ಕಪ್ಪಂದಿರು ಎಲ್ಲರೂ ನೋಡುತ್ತಿದ್ದ ಜಾಗದಲ್ಲಿ. ತಂಗಿಯಿಂದ ತುಂಬಿದ ಸಭೆಯಲ್ಲಿ ತಿದ್ದಿಸಿಕೊಳ್ಳುವುದು ಯಾವ ಅಣ್ಣನಿಗೂ ಸುಲಭವಲ್ಲ, ಅಂಕಿ ಎಷ್ಟೇ ನಿಖರವಾಗಿರಲಿ.

ಇನ್ನೊಂದು ನಂಬಿಕೆ ಇದಕ್ಕೆ ತದ್ವಿರುದ್ಧ: ಎದುರು ಪಕ್ಷದ ವಾದಗಳನ್ನು ಓದುತ್ತ ಹೋದರೆ ಮನಸ್ಸು ತಾನಾಗಿ ವಿಶಾಲವಾಗುತ್ತದೆ ಎಂಬುದು. ಸಮಾಜಶಾಸ್ತ್ರಜ್ಞ ಕ್ರಿಸ್ ಬೈಲ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಮೆರಿಕದ ಟ್ವಿಟರ್ ಬಳಕೆದಾರರಿಗೆ ಹಣ ಕೊಟ್ಟು, ತಮ್ಮ ವಿರೋಧಿ ಬಣದ ಮಾತುಗಳನ್ನು ಒಂದು ತಿಂಗಳು ಓದುವಂತೆ ಮಾಡಿದರು. ರಿಪಬ್ಲಿಕನ್ ಪಕ್ಷದವರು ಮೊದಲಿಗಿಂತ ಹೆಚ್ಚು ಬಲಕ್ಕೆ ಸರಿದರು. ಡೆಮಾಕ್ರಾಟರಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ, ಆದದ್ದಿಷ್ಟೂ ಎಡಕ್ಕೇ. ಪರದೆಯ ಮೇಲೆ ಬರುವ ಎದುರಾಳಿಯ ಮಾತು ಮನುಷ್ಯನ ಮಾತಾಗಿ ಬರುವುದಿಲ್ಲ, ಬಣದ ಘೋಷಣೆಯಾಗಿ ಬರುತ್ತದೆ. ನೀವು ಕಳುಹಿಸಿದ ಸಂದೇಶಗಳೂ ಅವನಿಗೆ ಹಾಗೆಯೇ ಕಂಡಿರುತ್ತವೆ, ಕೆಳಗೆ ತಂಗಿಯ ಹೆಸರಿದ್ದರೂ.

ಮೂರನೆಯದು 'ನಿನ್ನಂಥವರು'. ಎದುರು ಬಣದಲ್ಲಿ ಇರುವವರೆಲ್ಲ ಅತಿರೇಕಿಗಳು ಎಂಬ ಚಿತ್ರ ಎಲ್ಲರ ತಲೆಯಲ್ಲೂ ಇರುತ್ತದೆ. ಮೋರ್ ಇನ್ ಕಾಮನ್ ಎಂಬ ಸಂಸ್ಥೆ 2019ರಲ್ಲಿ ಅಮೆರಿಕದಲ್ಲಿ ಇದನ್ನು ಅಳೆದು ನೋಡಿತು. ಎದುರು ಪಕ್ಷದಲ್ಲಿ ಅತಿರೇಕದ ನಿಲುವು ಇರುವವರು ಶೇಕಡಾ 55ರಷ್ಟು ಎಂದು ಎರಡೂ ಕಡೆಯವರು ಊಹಿಸಿದ್ದರು. ನಿಜವಾಗಿ ಇದ್ದವರು ಸುಮಾರು ಶೇಕಡಾ 30. ರಾಜಕೀಯ ಸುದ್ದಿಯನ್ನು ಹೆಚ್ಚು ನೋಡುವವರ ಊಹೆ ಹೆಚ್ಚು ತಪ್ಪಾಗಿತ್ತು, ಕಡಿಮೆ ನೋಡುವವರದ್ದು ಕಡಿಮೆ. ಪ್ರಜ್ಞಾವಂತರು ಎನಿಸಿಕೊಳ್ಳುವ ನಮಗೆ ಇದು ನುಂಗಲಾರದ ತುತ್ತು. ಆ ಲೆಕ್ಕ ಅಮೆರಿಕದ್ದು, ಅದೇ ಸಂಖ್ಯೆ ಎಲ್ಲ ಕಡೆ ಸಿಗಬೇಕೆಂದಿಲ್ಲ. ಆದರೆ ನನ್ನ ಮುಂದೆ ಕೂತವರಿಗೆ 'ಅವರು ಏನು ನಂಬುತ್ತಾರೆಂದು ಬರೆಯಿರಿ' ಎಂದು ಹಾಳೆ ಕೊಟ್ಟು, ಅದನ್ನು ಎದುರಿನವರಿಗೆ ಓದಿ ಹೇಳಿದಾಗಲೆಲ್ಲ ಬರುವ ಮೊದಲ ಉದ್ಗಾರ ಒಂದೇ: 'ನಾನು ಯಾವಾಗ ಹಾಗಂದೆ?'

ಕಾರಣಕ್ಕೆ ಬರೋಣ. ರಾಜಕೀಯ ಶಾಸ್ತ್ರಜ್ಞ ಶಾಂತೋ ಅಯ್ಯಂಗಾರ್ ಮತ್ತು ಸಂಗಡಿಗರು 2012ರಲ್ಲಿ ಒಂದು ಭೇದವನ್ನು ಸ್ಪಷ್ಟವಾಗಿ ಎತ್ತಿ ತೋರಿಸಿದರು: ಜನರ ನಡುವಿನ ಬಿರುಕನ್ನು ನೀತಿಗಳ ಬಗ್ಗೆ ಇರುವ ಭಿನ್ನಮತಕ್ಕಿಂತ ಎದುರು ಪಕ್ಷದವರ ಮೇಲಿನ ಅಸಹ್ಯದಿಂದ ಅಳೆಯುವುದು ಸೂಕ್ತ. ಪಕ್ಷ ಎಂಬುದು ಅಭಿಪ್ರಾಯಗಳ ಪಟ್ಟಿಯಾಗಿ ಉಳಿಯದೆ 'ನಾನು ಯಾರು' ಎಂಬುದರ ಭಾಗವಾಗಿಬಿಟ್ಟಾಗ, ವಾದಕ್ಕೆ ಬಿದ್ದ ಏಟು ಮೈಗೆ ಬಿದ್ದಂತೆಯೇ. ಇದು ಮನೆಯೊಳಗೂ ಬರುತ್ತದೆ. 2016ರ ಅಧ್ಯಕ್ಷೀಯ ಚುನಾವಣೆಯ ನಂತರದ ಥ್ಯಾಂಕ್ಸ್‌ಗಿವಿಂಗ್ ಹಬ್ಬದಲ್ಲಿ ಅಮೆರಿಕನ್ನರ ಮೊಬೈಲ್‌ಗಳು ಎಲ್ಲಿದ್ದವು ಎಂಬ ಮಾಹಿತಿಯಿಂದ ಕೀತ್ ಚೆನ್ ಮತ್ತು ರೈನ್ ರೋಲಾ ಲೆಕ್ಕ ಹಾಕಿದರು: ಬೇರೆ ಬೇರೆ ಪಕ್ಷಗಳ ಪ್ರಾಬಲ್ಯವಿದ್ದ ಬಡಾವಣೆಗಳವರು ಒಟ್ಟಿಗೆ ಸೇರಿದ ಊಟ, ಒಂದೇ ಪಕ್ಷದ ಕಡೆಯವರು ಸೇರಿದ ಊಟಕ್ಕಿಂತ 30ರಿಂದ 50 ನಿಮಿಷ ಬೇಗ ಮುಗಿದಿತ್ತು. ಬಂದವರು ಜಗಳವಾಡಿದರೋ, ಜಗಳವಾಗುವ ಮೊದಲೇ ಎದ್ದರೋ, ಮೊಬೈಲ್ ಹೇಳುವುದಿಲ್ಲ. ಎದ್ದು ಹೋದದ್ದಂತೂ ನಿಜ.

ಹಾಗಾದರೆ ಮಾತಿನಿಂದ ಮನಸ್ಸು ಬದಲಾಗುವುದೇ ಇಲ್ಲವೇ? ಈ ಪ್ರಶ್ನೆಯ ಹಿಂದೆ ಒಂದು ಸ್ವಾರಸ್ಯದ ಕಥೆ ಇದೆ. ಮನೆಮನೆಗೆ ಹೋಗಿ ನಡೆಸಿದ ಒಂದೇ ಒಂದು ಸಣ್ಣ ಸಂಭಾಷಣೆ ಜನರ ನಿಲುವನ್ನು ದೀರ್ಘಕಾಲ ಬದಲಿಸಿತು ಎಂಬ ಸಂಶೋಧನೆ 2014ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು, ಜಗತ್ತಿನಲ್ಲೆಲ್ಲ ಸುದ್ದಿಯಾಯಿತು. ಡೇವಿಡ್ ಬ್ರೂಕ್‌ಮನ್ ಮತ್ತು ಜೋಶುವಾ ಕಲ್ಲಾ ಎಂಬ ಇಬ್ಬರು ಯುವ ಸಂಶೋಧಕರು ಅಂಥದ್ದೇ ಕೆಲಸಕ್ಕೆ ಹೊರಟಾಗ ಆ ಅಂಕಿಅಂಶದಲ್ಲಿ ಏನೋ ಎಡವಟ್ಟಿದೆ ಎಂದು ಕಂಡುಕೊಂಡರು. 2015ರಲ್ಲಿ ಪತ್ರಿಕೆ ಆ ಲೇಖನವನ್ನು ಹಿಂತೆಗೆದುಕೊಂಡಿತು. ಇಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಅದೇ ಇಬ್ಬರು ಮಿಯಾಮಿಯಲ್ಲಿ ನಿಜವಾದ ಪ್ರಯೋಗವನ್ನು ನಡೆಸಿದರು. 501 ಮತದಾರರು, ಮನೆ ಬಾಗಿಲಲ್ಲಿ ಸುಮಾರು ಹತ್ತು ನಿಮಿಷದ ಮಾತು, ವಿಷಯ ಲಿಂಗತ್ವ ಅಲ್ಪಸಂಖ್ಯಾತರ ಬಗೆಗಿನ ಪೂರ್ವಗ್ರಹ. 2016ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಪೂರ್ವಗ್ರಹ ಕಡಿಮೆಯಾಗಿತ್ತು, ಮೂರು ತಿಂಗಳ ನಂತರವೂ ಆ ಬದಲಾವಣೆ ಉಳಿದಿತ್ತು. ಸುಳ್ಳನ್ನು ಬಯಲಿಗೆಳೆದವರೇ ಆ ಸುಳ್ಳಿನ ಹಿಂದೆ ಒಂದು ನಿಜವಿದ್ದುದನ್ನು ತೋರಿಸಿದರು.

ಆ ಹತ್ತು ನಿಮಿಷದಲ್ಲಿ ಏನು ನಡೆಯುತ್ತಿತ್ತು? ಬಾಗಿಲು ತಟ್ಟಿದವರು ಭಾಷಣ ಮಾಡುತ್ತಿರಲಿಲ್ಲ. ಮನೆಯವರ ಅಭಿಪ್ರಾಯ ಕೇಳುತ್ತಿದ್ದರು, ಮುಖ ಸಿಂಡರಿಸದೆ ಕೇಳಿಸಿಕೊಳ್ಳುತ್ತಿದ್ದರು. ನಿಮ್ಮನ್ನು ಯಾರಾದರೂ ಬೇರೆ ಥರ ಇದ್ದೀರೆಂದು ಕೀಳಾಗಿ ಕಂಡದ್ದುಂಟೇ ಎಂದು ವಿಚಾರಿಸುತ್ತಿದ್ದರು. ತಮ್ಮ ಬದುಕಿನ ಒಂದು ಅನುಭವವನ್ನೂ ಹೇಳಿಕೊಳ್ಳುತ್ತಿದ್ದರು. ಇದರಲ್ಲಿ ಯಾವ ಅಂಶ ಕೆಲಸ ಮಾಡಿತು ಎಂಬುದನ್ನು 2020ರಲ್ಲಿ ಅವರೇ ಬಿಡಿಸಿ ನೋಡಿದರು. ತೀರ್ಪು ಕೊಡದೆ ಅನುಭವಗಳನ್ನು ಹಂಚಿಕೊಂಡಾಗ ಪರಿಣಾಮ ಕಂಡಿತು. ಅದನ್ನು ತೆಗೆದು ಬರೀ ವಾದವನ್ನು ಉಳಿಸಿಕೊಂಡಾಗ ಪರಿಣಾಮವೂ ಉಳಿಯಲಿಲ್ಲ.

ಇಲ್ಲಿ ನಿಮ್ಮ ಆಸೆಗೆ ಸ್ವಲ್ಪ ಕಡಿವಾಣ ಹಾಕಬೇಕು. ಬದಲಾವಣೆ ಎಂದರೆ ಜನ ಸಾರಾಸಗಟಾಗಿ ಬಣ ಬದಲಿಸಿದರು ಎಂದಲ್ಲ. ಸರಾಸರಿಯಲ್ಲಿ ಮುಳ್ಳು ಸ್ವಲ್ಪ ಸರಿಯಿತು, ಅಷ್ಟೇ. ಬಾಗಿಲಿಗೆ ಬಂದವರು ಅಪರಿಚಿತರಾಗಿದ್ದರು, ಹಿಂದಿನ ಲೆಕ್ಕಾಚಾರಗಳಿರಲಿಲ್ಲ. ನಿಮ್ಮಿಬ್ಬರ ನಡುವೆ ಮೂವತ್ತೆಂಟು ವರ್ಷಗಳ ಲೆಕ್ಕವಿದೆ.

ನಿಮಗೆ ನಾನು ಹೇಳಿಕೊಡುವ ವಿಧಾನ ಹಳೆಯದು. ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1951ರ ಒಂದು ಭಾಷಣದಲ್ಲಿ ಇದನ್ನು ಸೂಚಿಸಿದ್ದರು: ಎದುರಿನವರು ಹೇಳಿದ್ದನ್ನು, ಅದರ ಹಿಂದಿನ ಭಾವನೆಯನ್ನು, ಅವರಿಗೆ ತೃಪ್ತಿಯಾಗುವಷ್ಟು ಸರಿಯಾಗಿ ತಿರುಗಿ ಹೇಳಿದ ಮೇಲೆಯೇ ನಿಮ್ಮ ಮಾತನ್ನು ಆಡತಕ್ಕದ್ದು. ಓದಲು ಎಷ್ಟು ಸಲೀಸು! ನನ್ನ ಕೋಣೆಯಲ್ಲಿ ಇದನ್ನು ಮೊದಲ ಯತ್ನದಲ್ಲೇ ಮಾಡಿದವರನ್ನು ಬೆರಳಲ್ಲಿ ಎಣಿಸಬಹುದು. 'ನಿನ್ನ ಮಾತಿನ ಅರ್ಥ ಏನೆಂದರೆ' ಎಂದು ಶುರುಮಾಡಿ, ಅರ್ಧಕ್ಕೆ ಬರುವಷ್ಟರಲ್ಲಿ 'ಅಂದರೆ ಬಡವರು ಸತ್ತರೂ ಪರವಾಗಿಲ್ಲ ಎಂದು ತಾನೇ?' ಎಂಬಲ್ಲಿಗೆ ತಲುಪಿರುತ್ತಾರೆ. ಅಣ್ಣನ ಬಾಯಿಂದ 'ಹೌದು, ಅದನ್ನೇ ನಾನು ಹೇಳುತ್ತಿದ್ದುದು' ಎಂಬ ಮಾತು ಬರುವವರೆಗೆ ನಿಮ್ಮ ಸರದಿ ಬಂದಿಲ್ಲ ಎಂದುಕೊಳ್ಳಿ. ಹಾಗೆ ತಿರುಗಿ ಹೇಳಿದ ಮೇಲೆ 'ನಾನು ಇದನ್ನು ಒಪ್ಪುವುದಿಲ್ಲ, ಯಾಕೆಂದು ಹೇಳಲೇ?' ಎನ್ನಲು ನಿಮಗೆ ಪೂರ್ತಿ ಹಕ್ಕಿದೆ. ಕೇಳುವುದಕ್ಕೂ ಒಪ್ಪುವುದಕ್ಕೂ ನಡುವಿನ ಗೆರೆ ಆ ಒಂದು ವಾಕ್ಯದಲ್ಲಿ ಇದೆ, ಅದನ್ನು ಬಾಯಿಬಿಟ್ಟು ಹೇಳಿ. ಸುಮ್ಮನಿದ್ದು ಒಪ್ಪಿಗೆಯೆಂದು ಅವನು ಭಾವಿಸಲು ಬಿಡುವ ಅಗತ್ಯವಿಲ್ಲ.

ಪ್ರಶ್ನೆಗಳ ಬಗ್ಗೆ ಒಂದು ಎಚ್ಚರಿಕೆ. 'ಆ ಯೋಜನೆ ಹೇಗೆ ಕೆಲಸ ಮಾಡುತ್ತದೆ, ಹಂತಹಂತವಾಗಿ ವಿವರಿಸು' ಎಂದು ಕೇಳಿದರೆ ತನಗೆ ತಿಳಿದಿರುವುದು ಕಡಿಮೆ ಎಂದು ಅರಿವಾಗಿ ಮನುಷ್ಯ ಮೆತ್ತಗಾಗುತ್ತಾನೆ ಎಂಬ ಸಲಹೆ ಅಲ್ಲಲ್ಲಿ ಸಿಗುತ್ತದೆ. 2013ರ ಒಂದು ಪ್ರಸಿದ್ಧ ಅಧ್ಯಯನ ಹಾಗೆ ಹೇಳಿತ್ತು ನಿಜ. ಬೇರೆಯವರು 2021ರಲ್ಲಿ ಪ್ರಕಟಿಸಿದ ಮೂರು ಮರುಪ್ರಯೋಗಗಳಲ್ಲಿ ಆ ಫಲ ಸಿಗಲಿಲ್ಲ. ನಾನಂತೂ ಅದನ್ನು ಮನೆಯವರ ಮೇಲೆ ಪ್ರಯೋಗಿಸಬೇಡಿ ಎನ್ನುತ್ತೇನೆ. ಅದು ಬಾಯಿಪಾಠ ಒಪ್ಪಿಸಲು ನಿಲ್ಲಿಸಿದಂತೆ, ನಿಮ್ಮ ಓದಿನ ಬಗ್ಗೆ ಮೊದಲೇ ಚುಚ್ಚಿರುವ ಅಣ್ಣನಿಗೆ ಅದು ಎಲ್ಲಿ ತಾಕುತ್ತದೆಂದು ಊಹಿಸಿ. ಅದರ ಬದಲು 'ಈ ವಿಷಯ ನಿನಗೆ ಇಷ್ಟು ಮುಖ್ಯವಾದದ್ದು ಯಾವಾಗಿನಿಂದ?' ಎಂದು ಕೇಳಿ. ಉತ್ತರವಾಗಿ ಬರುವುದು ಬಹುತೇಕ ಒಂದು ಘಟನೆ. ಕೆಲಸ ಹೋದದ್ದು, ಯಾವುದೋ ಕಚೇರಿಯಲ್ಲಿ ಗಂಟೆಗಟ್ಟಲೆ ನಿಂತದ್ದು, ಯಾರೋ ಮಕ್ಕಳ ಮುಂದೆ ಅವಮಾನ ಮಾಡಿದ್ದು. ಪಕ್ಷದ ಘೋಷಣೆ ಆ ಗಾಯದ ಮೇಲೆ ಆಮೇಲೆ ಬಂದು ಕೂತಿರುತ್ತದೆ.

ಇದೆಲ್ಲ ತಂತ್ರವಾಗಿ ಉಪಯೋಗಿಸಿದರೆ ನಡೆಯುವುದಿಲ್ಲ. ಕಸುಬಿನ ಆರಂಭದ ದಿನಗಳಲ್ಲಿ ಹಿರಿಯರೊಬ್ಬರು ನನ್ನ ತಲೆದೂಗುವಿಕೆಯನ್ನು ಅರ್ಧ ಗಂಟೆ ಸಹಿಸಿಕೊಂಡು, 'ನೀವು ಕೇಳಿಸಿಕೊಳ್ಳುವ ಹಾಗೆ ಬಹಳ ಚೆನ್ನಾಗಿ ಕಾಣುತ್ತೀರಿ' ಎಂದರು. ಮುಖಕ್ಕೆ ಹೊಡೆದಂತಾಯಿತು. ಅವರು ಹೇಳಿದ್ದು ಸರಿಯಾಗಿತ್ತು, ನಾನು ಅವರಿಗೆ ಏನು ಹೇಳಬೇಕೆಂದು ಆಗಲೇ ತೀರ್ಮಾನಿಸಿ ಬಿಡುವಿಗಾಗಿ ಕಾಯುತ್ತಿದ್ದೆ. ಅಣ್ಣನ ಮನಸ್ಸು ಬದಲಾಯಿಸಬೇಕೆಂದೇ ನೀವು ಕೇಳಲು ಕೂತರೆ ಅವನಿಗೂ ಅದು ತಿಳಿಯುತ್ತದೆ. ನಿಜವಾಗಿ ಕೇಳುವುದರಲ್ಲಿ ಅಪಾಯವಿದೆ, ನಿಮ್ಮದೇ ಒಂದೆರಡು ನಿಲುವು ಅಲುಗಾಡಬಹುದು. ಆ ಅಪಾಯಕ್ಕೆ ಸಿದ್ಧರಿಲ್ಲದಿದ್ದರೆ ರಾಜಕೀಯದ ಮಾತನ್ನೇ ಎತ್ತದಿರುವುದು ಪ್ರಾಮಾಣಿಕ ದಾರಿ.

ಆ ದಾರಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಇಬ್ಬರೂ ಬಾಯಿಬಿಟ್ಟು ಒಪ್ಪಿಕೊಂಡ ಕದನವಿರಾಮದಲ್ಲಿ ಎಷ್ಟೋ ಕುಟುಂಬಗಳು ನೆಮ್ಮದಿಯಾಗಿವೆ. 'ನಾವಿಬ್ಬರೂ ಇದರ ಬಗ್ಗೆ ಮಾತಾಡುವುದು ಬೇಡ' ಎಂದು ಹೇಳಿ ನಿಲ್ಲಿಸುವುದು ಒಂದು, ಏನೂ ಹೇಳದೆ ಮುಖ ತಿರುಗಿಸಿಕೊಳ್ಳುವುದು ಇನ್ನೊಂದು. ನೀವು ಈಗ ಮಾಡುತ್ತಿರುವುದು ಎರಡನೆಯದು. ವಿರಾಮದ ಕೊರತೆ ಏನೆಂದರೆ, ಮಾತಾಡಬಾರದ ವಿಷಯಗಳ ಪಟ್ಟಿ ನಿಧಾನವಾಗಿ ಬೆಳೆಯುತ್ತದೆ. ಇವತ್ತು ಚುನಾವಣೆ, ನಾಳೆ ಪೇಪರಿನ ಸುದ್ದಿ, ಆಚೆ ನಾಡಿದ್ದು ಮಕ್ಕಳ ಶಾಲೆ. ಕೊನೆಗೆ ಹವಾಮಾನ ಮಾತ್ರ ಉಳಿಯುತ್ತದೆ.

ಎದುರುಬದುರು ಕೂತು ಮಾತಾಡಲು ಬಿಗುಮಾನ ಅಡ್ಡ ಬಂದರೆ ಒಟ್ಟಿಗೆ ಒಂದು ಕೆಲಸ ಹಿಡಿಯಿರಿ. 1954ರಲ್ಲಿ ಮನಶ್ಶಾಸ್ತ್ರಜ್ಞ ಮುಜಫರ್ ಶರೀಫ್ ಅಮೆರಿಕದ ಓಕ್ಲಹೋಮಾದಲ್ಲಿ 22 ಹುಡುಗರನ್ನು ಶಿಬಿರಕ್ಕೆ ಕರೆದೊಯ್ದು, ಎರಡು ತಂಡ ಮಾಡಿ, ಸ್ಪರ್ಧೆಗೆ ಬಿಟ್ಟು ಬದ್ಧವೈರಿಗಳನ್ನಾಗಿಸಿದರು. (ಮಕ್ಕಳ ಮೇಲೆ ಇಂಥದ್ದಕ್ಕೆ ಇಂದು ಯಾರೂ ಅನುಮತಿ ಕೊಡುವುದಿಲ್ಲ, ಕೊಡಲೂಬಾರದು.) ಅವರನ್ನು ಸುಮ್ಮನೆ ಒಂದೆಡೆ ಕೂರಿಸಿ ಊಟಕ್ಕೆ ಬಡಿಸಿದಾಗ ತಟ್ಟೆಯಲ್ಲಿದ್ದುದನ್ನೇ ಎಸೆದಾಡಿಕೊಂಡರು. ಶಿಬಿರಕ್ಕೆ ನೀರು ನಿಂತಾಗ, ಆಹಾರ ತರುವ ಲಾರಿ ಕೆಟ್ಟಾಗ ಒಟ್ಟಾದರು. ಹಗ್ಗಜಗ್ಗಾಟದಲ್ಲಿ ಎದುರುಬದುರಾಗಿ ಎಳೆದಿದ್ದ ಅದೇ ಹಗ್ಗವನ್ನು ಲಾರಿಗೆ ಕಟ್ಟಿ ಒಂದೇ ಕಡೆ ಎಳೆದರು. ಅಮ್ಮನ ಆಸ್ಪತ್ರೆ ಓಡಾಟ, ಮನೆಯ ರಿಪೇರಿ, ಹಳೆಯ ಕಾಗದಪತ್ರ ಹೊಂದಿಸುವುದು, ನಿಮ್ಮಲ್ಲಿ ಏನಿದೆಯೋ ಅದು. ಪಕ್ಕಪಕ್ಕದಲ್ಲಿ ಕೆಲಸ ಮಾಡುವಾಗ ಮುಖ ನೋಡುವ ಪೀಕಲಾಟವಿಲ್ಲದೆ ಮಾತು ತಾನಾಗಿ ಬರುತ್ತದೆ. ಅಪಾಯ ಇಷ್ಟೇ: ಕೆಲಸದ ಹೊರೆ ಒಬ್ಬರ ಮೇಲೆ ಬಿದ್ದರೆ ಹೊಸ ಜಗಳಕ್ಕೆ ಅದೇ ಸಾಕು.

ಮಧ್ಯಸ್ಥರನ್ನು ತರುವುದೂ ಒಂದು ದಾರಿ. ಆದರೆ ಅಮ್ಮನನ್ನು ಆ ಜಾಗದಲ್ಲಿ ಕೂರಿಸಬೇಡಿ. ಈಗಾಗಲೇ ಅವರು ನಿಮ್ಮಿಬ್ಬರ ಅಂಚೆಯಾಗಿ ಬಳಲಿದ್ದಾರೆ. ಯಾರ ಪರ ನಿಂತರೂ ಒಬ್ಬ ಮಗುವಿನ ವಿರುದ್ಧ ನಿಂತಂತೆ.

ಕೇಳುತ್ತಲೇ ಇರಬೇಕು ಎಂದು ನಾನು ಎಲ್ಲರಿಗೂ ಹೇಳುವುದಿಲ್ಲ. ಎದುರಿನವರು ನಿಮ್ಮನ್ನು ಅಥವಾ ನಿಮ್ಮ ಮನೆಯವರನ್ನು ಮನುಷ್ಯರೆಂದೇ ಎಣಿಸದಿದ್ದರೆ, ಬೆದರಿಸಿದರೆ, ಮಾತು ಪ್ರತಿಸಲವೂ ಬೈಗುಳಕ್ಕೇ ಮುಟ್ಟಿದರೆ ಎದ್ದು ಬರುವುದು ಸರಿ. ಯಾರ ಬದುಕಿನ ಮೇಲೆಯೇ ಒಂದು ನೀತಿಯ ಏಟು ಬೀಳುತ್ತದೋ ಅವರಿಗೆ 'ನೀವೇ ಸ್ವಲ್ಪ ಸಮಾಧಾನದಿಂದ ಕೇಳಿ' ಎಂದು ಹೊರಗೆ ನಿಂತವರು ಹೇಳುವುದು ಎಷ್ಟೋ ಸಲ ಅನ್ಯಾಯವೇ. ಸತ್ಯ ಎರಡೂ ಕಡೆ ಸಮಸಮ ಇರುತ್ತದೆ ಎಂಬುದನ್ನೂ ನಾನು ನಂಬುವುದಿಲ್ಲ. ಹುಸಿ ಸುದ್ದಿ ಹುಸಿಯೇ. ಅದನ್ನು ಅಣ್ಣನಿಗೆ ಖಾಸಗಿಯಾಗಿ, 'ಇದು ನಿಜವಲ್ಲ, ನಿನಗೂ ತಿಳಿದಿರಲಿ ಎಂದು ಕಳುಹಿಸಿದೆ' ಎಂಬ ಒಂದು ಸಾಲಿನೊಂದಿಗೆ ಹೇಳಿ. ಹತ್ತರಲ್ಲಿ ಒಂದಕ್ಕೆ ಸಾಕು, ಹತ್ತಕ್ಕೂ ಬೇಡ. ನಿಮ್ಮ ಪತ್ರದಲ್ಲಿ ಕಂಡ ಅಣ್ಣ ಈ ಎದ್ದು ಬರಬೇಕಾದವರ ಸಾಲಿಗೆ ಸೇರಿದವನೆಂದು ನನಗೆ ಅನಿಸಲಿಲ್ಲ. ಅನಿಸಿದ್ದರೆ ಬೇರೆ ಉತ್ತರ ಬರೆಯುತ್ತಿದ್ದೆ.

ಮೊದಲ ಹೆಜ್ಜೆ ಫೋನ್. ಸಂದೇಶದಲ್ಲಿ ದನಿ ಇರುವುದಿಲ್ಲ, ಆದ್ದರಿಂದ ಕರೆಯನ್ನೇ ಮಾಡಿ. ರಾಜಕೀಯ ಬೇಡ, ವಿವರಣೆ ಬೇಡ, 'ನೀನೂ ಹಾಗೆ ಅಂದೆಯಲ್ಲ' ಎಂಬುದಂತೂ ಬೇಡವೇ ಬೇಡ. 'ಅಣ್ಣ, ಆ ದಿನ ನಿನ್ನಂಥವರು ಎಂದೆನಲ್ಲ, ಆ ಮಾತು ತಪ್ಪು' ಎಂದರೆ ಸಾಕು. ನಿಮ್ಮ ನಿಲುವನ್ನು ಒಂದು ಕೂದಲೆಳೆಯಷ್ಟೂ ಬಿಟ್ಟುಕೊಡದೆ ಹೇಳಬಹುದಾದ ಮಾತು ಇದು. ಅವನು ಸುಮ್ಮನಿರಬಹುದು, ಒರಟಾಗಿ ಏನಾದರೂ ಅನ್ನಬಹುದು. ಏಳು ತಿಂಗಳು ಗಟ್ಟಿಯಾಗಿರುವುದು ಒಂದು ಕರೆಗೆ ಕರಗಬೇಕೆಂದು ನಿರೀಕ್ಷಿಸಬೇಡಿ. ಎರಡು ವಾರ ಬಿಟ್ಟು ಬೇರೇನಾದರೂ ನೆಪದಲ್ಲಿ ಮತ್ತೆ ಮಾಡಿ.

ಗುಂಪಿಗೆ ಈಗಲೇ ಮರಳಬೇಡಿ. ಅಲ್ಲಿ ನೋಡುವವರು ತುಂಬಾ ಇದ್ದಾರೆ. ಇಬ್ಬರೇ ಮಾತಾಡಿ ಒಂದೆರಡು ಸಲವಾದರೂ ನಕ್ಕ ಮೇಲೆ ನೋಡೋಣ. ಹೇಗೂ ಬಿಟ್ಟುಬಂದವರು ಸಾಮಾನ್ಯವಾಗಿ ತಾವಾಗಿ ಒಳಗೆ ಹೋಗಲು ಬರುವುದಿಲ್ಲ, ಒಳಗಿರುವವರು ಯಾರಾದರೂ ಸೇರಿಸಿಕೊಳ್ಳಬೇಕು. ಆ ದಿನ ಬಂದಾಗ ಅಮ್ಮನಿಗೆ ಹೇಳಿ ಮಾಡಿಸಿಕೊಳ್ಳಬೇಡಿ. ಅಣ್ಣನನ್ನೇ ಕೇಳಿ.